‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ’: ಈ ಎಚ್ಚರಿಕೆ ನಿಜವೇ? ಆ್ಯಂಟಿವೈರಸ್ ಬೇಕೇ?

ಫೋನಿನಲ್ಲಿ ಏನೋ ಓದುತ್ತಿರುವಾಗ ಕೆಂಪು ಪರದೆ ಬರುತ್ತದೆ: ‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ, 2 ನಿಮಿಷದೊಳಗೆ ತೆಗೆಯದಿದ್ದರೆ ಸಿಮ್ ಹಾಳಾಗುತ್ತದೆ’. ಗಾಬರಿಯಾಗಿ ಆ್ಯಂಟಿವೈರಸ್ ಹಾಕಿಕೊಳ್ಳುತ್ತೀರಿ. ಆಮೇಲೆ ಆ ಆ್ಯಪ್‌ನದ್ದೇ ಕಾಟ ಶುರು. ಜಾಹೀರಾತು, ‘ಪ್ರೀಮಿಯಂ ತೆಗೆದುಕೊಳ್ಳಿ’ ಎಂಬ ಒತ್ತಾಯ, ಸಂಜೆಯೊಳಗೆ ಖಾಲಿಯಾಗುವ ಬ್ಯಾಟರಿ. ಇಷ್ಟಾದರೂ ಕೆಂಪು ಎಚ್ಚರಿಕೆ ನಿಲ್ಲುವುದಿಲ್ಲ.

ನಿಲ್ಲದಿರಲು ಕಾರಣವಿದೆ. ಅದು ವೈರಸ್ ಎಚ್ಚರಿಕೆಯೇ ಅಲ್ಲ, ಜಾಹೀರಾತು. ಯಾವ ವೆಬ್‌ಸೈಟೂ ನಿಮ್ಮ ಫೋನಿನ ಒಳಗೆ ಹೊಕ್ಕು ವೈರಸ್ ಎಣಿಸಲಾರದು. ‘ನನ್ನ ಫೋನಿನ ಮಾಡೆಲ್ ಸರಿಯಾಗಿ ಹೇಳಿತಲ್ಲ’ ಎಂದು ಕೆಲವರು ನಂಬುತ್ತಾರೆ. ಮಾಡೆಲ್ ಹೆಸರನ್ನು ಬ್ರೌಸರ್ ತಾನಾಗಿಯೇ ವೆಬ್‌ಸೈಟಿಗೆ ತಿಳಿಸಬಲ್ಲದು, ಅದರಲ್ಲಿ ಪವಾಡವಿಲ್ಲ. ಇನ್ನು ಬ್ರೌಸರ್ ಮುಚ್ಚಿದ ಮೇಲೂ ಇಂಥ ಸಂದೇಶ ಬರುತ್ತಿದ್ದರೆ, ಹಿಂದೆಂದೋ ಯಾವುದೋ ಸೈಟ್ ‘ನೋಟಿಫಿಕೇಶನ್ ಕಳಿಸಲೇ?’ ಎಂದು ಕೇಳಿದಾಗ ನೀವು ‘ಅಲೋ’ ಒತ್ತಿರುವ ಸಾಧ್ಯತೆಯೇ ಹೆಚ್ಚು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು ಗುರುತಿಲ್ಲದ ಸೈಟುಗಳನ್ನೆಲ್ಲ ಬ್ಲಾಕ್ ಮಾಡಿ. ಖರ್ಚಿಲ್ಲದ ಚಿಕಿತ್ಸೆ.

ಹಾಗಾದರೆ ಆ್ಯಂಟಿವೈರಸ್ ಆ್ಯಪ್‌ಗಳು ಕೆಲಸವನ್ನೇ ಮಾಡುವುದಿಲ್ಲವೇ? ಕೆಲವು ಮಾಡುತ್ತವೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆ 2019ರಲ್ಲಿ 250 ಆ್ಯಂಡ್ರಾಯ್ಡ್ ಆ್ಯಂಟಿವೈರಸ್‌ಗಳನ್ನು 2000 ಕುತಂತ್ರಾಂಶಗಳ ಎದುರು ಪರೀಕ್ಷಿಸಿತು. ಶೇ 30ಕ್ಕಿಂತ ಹೆಚ್ಚನ್ನು ಹಿಡಿದು, ಒಳ್ಳೆಯ ಆ್ಯಪ್‌ಗಳ ಮೇಲೆ ಸುಳ್ಳು ಆರೋಪ ಹೊರಿಸದೆ ಉಳಿದವು 80 ಮಾತ್ರ. ಕೆಲವದರ ಕೆಲಸ ಇನ್ನೂ ತಮಾಷೆ. ತಮ್ಮ ಪಟ್ಟಿಯಲ್ಲಿಲ್ಲದ ಆ್ಯಪ್‌ಗಳನ್ನೆಲ್ಲ ವೈರಸ್ ಎನ್ನುತ್ತಿದ್ದವು, ಪಟ್ಟಿಗೆ ತಮ್ಮ ಹೆಸರನ್ನೇ ಸೇರಿಸಲು ಮರೆತು ತಮ್ಮನ್ನೇ ವೈರಸ್ ಎಂದುಕೊಂಡವೂ ಇದ್ದವು! 2014ರಲ್ಲಿ ‘ವೈರಸ್ ಶೀಲ್ಡ್’ ಎಂಬ ಆ್ಯಪನ್ನು 10,000ಕ್ಕೂ ಹೆಚ್ಚು ಜನ ದುಡ್ಡು ಕೊಟ್ಟು ಕೊಂಡಿದ್ದರು. ಒತ್ತಿದರೆ ಗುರಾಣಿಯ ಮೇಲಿನ ತಪ್ಪು ಗುರುತು ಸರಿ ಗುರುತಾಗುತ್ತಿತ್ತು, ಬೇರೇನೂ ಇಲ್ಲ. ದೊಡ್ಡ ಹೆಸರುಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬಳಕೆದಾರರು ನೋಡಿದ ಸೈಟುಗಳ ಮಾಹಿತಿಯನ್ನು ಮಾರಿದ್ದಕ್ಕೆ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕೊಡಬೇಕೆಂದು ಅಮೆರಿಕದ ವ್ಯಾಪಾರ ನಿಯಂತ್ರಕರು 2024ರಲ್ಲಿ ಹೇಳಿದರು.

ಪ್ಲೇ ಸ್ಟೋರ್ ಇರುವ ಫೋನುಗಳಲ್ಲಿ ಗೂಗಲ್‌ನ ‘ಪ್ಲೇ ಪ್ರೊಟೆಕ್ಟ್’ 2017ರಿಂದ ಉಚಿತವಾಗಿಯೇ ಇದೆ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೊ ಒತ್ತಿದರೆ ಕಾಣುತ್ತದೆ. ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗಳನ್ನೂ ಅದು ತಪಾಸಣೆ ಮಾಡುತ್ತದೆ. ಅದು ಆನ್ ಇದ್ದು, ಫೋನಿನ ಅಪ್‌ಡೇಟ್‌ಗಳು ಬರುತ್ತಿದ್ದರೆ ಹೆಚ್ಚಿನವರಿಗೆ ಬೇರೆ ಆ್ಯಂಟಿವೈರಸ್ ಬೇಕಿಲ್ಲ. ಕಂಪ್ಯೂಟರಿನಲ್ಲೂ ಅಷ್ಟೆ, ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಜೊತೆಗೇ ಬರುತ್ತದೆ. ಇದಕ್ಕೆ ಸಮಾಧಾನವಾಗದಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಸಾಧನಗಳಿವೆ. ಕ್ರ್ಯಾಕ್ ಮಾಡಿದ ಆ್ಯಂಟಿವೈರಸನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕುವುದಕ್ಕಿಂತ ಏನೂ ಹಾಕದಿರುವುದೇ ವಾಸಿ.

ನಿಜವಾದ ಅಪಾಯ ಬರುವ ಬಾಗಿಲು ಬೇರೆ, ಅದು ವಾಟ್ಸ್‌ಆ್ಯಪ್. ಔರಾದ್ ತಾಲ್ಲೂಕಿನ ಎಕಂಬಾದಂಥ ಊರಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಫಾರ್ವರ್ಡ್ ಓಡಾಡುತ್ತವೆ. ಮದುವೆ ಕರೆಯೋಲೆ, ಪಿಎಂ ಕಿಸಾನ್ ಕಂತು, ವಾಹನದ ದಂಡದ ಚಲನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನ ಕಡತಗಳ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಪತ್ರಿಕೆಯೂ ಅಲ್ಲ, ರಸೀದಿಯೂ ಅಲ್ಲ, ಆ್ಯಪ್. ಮದುವೆ ಕರೆಯೋಲೆಯ ಹೆಸರಿನ ಈ ಮೋಸದ ಬಗ್ಗೆ ಹಿಮಾಚಲ ಪ್ರದೇಶದ ಪೊಲೀಸರು 2024ರಲ್ಲೇ ಎಚ್ಚರಿಸಿದ್ದರು. ಹಾಕಿಕೊಂಡರೆ ಅದು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಬ್ಯಾಂಕಿನ ಒಟಿಪಿ ನಿಮಗೆ ಬಂದ ಕ್ಷಣವೇ ಕಳ್ಳನಿಗೂ ತಲುಪುತ್ತದೆ. ಹೀಗೆ ಸಿಕ್ಕಿಬಿದ್ದವರ ವಾಟ್ಸ್‌ಆ್ಯಪ್‌ನಿಂದ ಅದೇ ಕಡತ ಪರಿಚಿತರಿಗೆಲ್ಲ ಹೋಗುವುದೂ ಉಂಟು. ಹಾಗಾಗಿ ‘ಕಾಕಾನ ನಂಬರಿನಿಂದಲೇ ಬಂದಿದೆ’ ಎಂಬುದು ಭರವಸೆಯಾಗದು. ಕಾಕಾನಿಗೆ ಫೋನ್ ಮಾಡಿ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್‌ಆ್ಯಪ್ ಮತ್ತು ಕ್ರೋಮ್ ಎರಡಕ್ಕೂ ಅನುಮತಿ ತೆಗೆದುಬಿಡಿ. ಮನೆಯ ಹಿರಿಯರ ಫೋನಿನಲ್ಲೂ ಇಷ್ಟು ಮಾಡಿಕೊಡಿ, ಒಂದು ನಿಮಿಷದ ಕೆಲಸ.

ಈಗಾಗಲೇ ಅಂಥ ಕಡತ ಹಾಕಿಕೊಂಡಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಅವಕಾಶ ಹೆಚ್ಚು. ಆ್ಯಪ್‌ನ ಚಿತ್ರ ಪರದೆಯ ಮೇಲೆ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಹುಡುಕಿ ತೆಗೆಯಿರಿ. ಅಲ್ಲೂ ಹೋಗಲೊಲ್ಲದು ಎಂದಾದರೆ ಫೋಟೊ, ನಂಬರುಗಳನ್ನು ಉಳಿಸಿಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ. ದೂರು ಕೊಡುವುದಿದ್ದರೆ ರೀಸೆಟ್‌ಗೆ ಮೊದಲೇ ಆ ಸಂದೇಶದ ಮತ್ತು ಬ್ಯಾಂಕಿನ ಎಸ್‌ಎಂಎಸ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಿ.