ಹನ್ನೊಂದಕ್ಕೆ ಹನ್ನೊಂದೂ ಸೋತವರು

ಷಿಕಾಗೊ ನಗರದ ಉತ್ತರಕ್ಕೆ, ಮಿಷಿಗನ್ ಸರೋವರದ ದಂಡೆಯಲ್ಲಿ ಎವನ್‌ಸ್ಟನ್ ಎಂಬ ಊರಿದೆ. ಅಲ್ಲಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹೆಸರನ್ನು ಪತ್ರಿಕೋದ್ಯಮ ಓದುವವರೂ ಎಂಬಿಎಗೆ ಹೊರಟವರೂ ಕೇಳಿರುತ್ತಾರೆ. ಅದರ ಫುಟ್‌ಬಾಲ್ ತಂಡ ವೈಲ್ಡ್‌ಕ್ಯಾಟ್ಸ್ 1981ರಲ್ಲಿ ಆಡಿದ ಹನ್ನೊಂದು ಪಂದ್ಯಗಳನ್ನೂ ಸೋತಿತು. ಗಳಿಸಿದ್ದು 82 ಅಂಕ, ಬಿಟ್ಟುಕೊಟ್ಟದ್ದು 505.

ಇದು ನಾವಾಡುವ ಫುಟ್‌ಬಾಲ್ ಅಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಅಮೆರಿಕದ ಆಟ. ಅಲ್ಲಿ ಕಾಲೇಜು ತಂಡಗಳು ಕಾನ್ಫರೆನ್ಸ್ ಎಂಬ ಕೂಟಗಳಾಗಿ ಸೇರಿರುತ್ತವೆ. 1896ರಲ್ಲಿ ಹುಟ್ಟಿದ ‘ಬಿಗ್ ಟೆನ್’ ಕೂಟದ ಸ್ಥಾಪಕ ಸದಸ್ಯರಲ್ಲಿ ನಾರ್ತ್‌ವೆಸ್ಟರ್ನ್ ಕೂಡ ಒಂದು. 1981ರಲ್ಲಿ ಕೂಟದ ಉಳಿದ ಒಂಬತ್ತೂ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು, ಖಾಸಗಿಯದು ಇದೊಂದೇ. ಕೊನೆಯ ಸ್ಥಾನಕ್ಕೆ ಬಿದ್ದ ತಂಡವನ್ನು ಕೆಳದರ್ಜೆಗೆ ಇಳಿಸುವ ಪದ್ಧತಿ ಅಲ್ಲಿಲ್ಲ. ಬರುವ ವರ್ಷವೂ ಅದೇ ಬಲಾಢ್ಯರ ಎದುರು ಮೈದಾನಕ್ಕಿಳಿಯಬೇಕು.

ಆ ವರ್ಷದ ಮೊದಲ ಪಂದ್ಯದಲ್ಲಿ ಇಂಡಿಯಾನಾ ಎದುರು 20–21. ಒಂದೇ ಅಂಕ! ಆಮೇಲೆ ಕಾನ್ಫರೆನ್ಸಿನ ಫಲಿತಾಂಶ ಓದುವುದೇ ಕಷ್ಟ: ಅಯೋವಾ ಎದುರು 0–64, ವಿಸ್ಕಾನ್ಸಿನ್ ಎದುರು 0–52, ಒಹಾಯೊ ಸ್ಟೇಟ್ ಎದುರು 6–70. ಪರ್ಡ್ಯೂ, ಮಿಷಿಗನ್ ತಂಡಗಳ ಮೇಲೂ ಖಾತೆ ತೆರೆಯಲಿಲ್ಲ. ನವೆಂಬರ್ 7ರಂದು ಮಿಷಿಗನ್ ಸ್ಟೇಟ್‌ಗೆ 14–61ರಿಂದ ಸೋತಾಗ ಅದು ಸತತ 29ನೇ ಸೋಲು. ದೊಡ್ಡ ಕಾಲೇಜು ತಂಡಗಳಲ್ಲಿ ಅಲ್ಲಿಯವರೆಗಿನ ದಾಖಲೆ 28. ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ, ನಮ್ಮಷ್ಟು ಕಳಪೆ ಯಾರೂ ಇಲ್ಲವೆಂದು ಕೂಗಿ ಕುಣಿದರು.

ನನ್ನ ಮನಸ್ಸು ಹೋಗುವುದು ಆಡಿದ ಹುಡುಗರ ಕಡೆಗೆ. 1978ರಲ್ಲಿ ತಂಡ ಸೇರಿ ನಾಲ್ಕು ವರ್ಷ ಉಳಿದವನ ಕಾಲದಲ್ಲಿ ತಂಡ ಆಡಿದ್ದು 44 ಪಂದ್ಯ. ಇಲಿನಾಯ್ ಜತೆ 0–0 ಡ್ರಾ, 1979ರಲ್ಲಿ ವಯೋಮಿಂಗ್ ಮೇಲೆ ಒಂದು ಗೆಲುವು, ಉಳಿದ 42 ಸೋಲು. ಕಾನ್ಫರೆನ್ಸಿನಲ್ಲಿ ಗೆಲುವೇ ಇಲ್ಲ. ಆದರೂ ಪ್ರತಿ ವಾರ ಅಭ್ಯಾಸ, ಪ್ರತಿ ಶನಿವಾರ ಪಂದ್ಯ. ಚಾಂಪಿಯನ್ನರ ಛಲಕ್ಕಿಂತ ಇದೇನೂ ಕಡಿಮೆಯದಲ್ಲ ಎನ್ನುತ್ತೇನೆ.

ಆ ಹನ್ನೊಂದು ಸೋಲುಗಳ ವರ್ಷವೇ ಡೆನ್ನಿಸ್ ಗ್ರೀನ್ ಕೋಚ್ ಆಗಿ ಬಂದಿದ್ದರು. ಬಿಗ್ ಟೆನ್‌ನ ಮೊದಲ ಕಪ್ಪು ವರ್ಣೀಯ ಮುಖ್ಯ ಫುಟ್‌ಬಾಲ್ ಕೋಚ್ ಅವರು. 1982ರ ಸೆಪ್ಟೆಂಬರ್ 25ರಂದು ನಾರ್ದರ್ನ್ ಇಲಿನಾಯ್ ತಂಡವನ್ನು 31–6ರಿಂದ ಮಣಿಸಿದಾಗ 34 ಸೋಲುಗಳ ಸರಪಳಿ ಕಡಿಯಿತು. ಅಭಿಮಾನಿಗಳು ಗೋಲು ಕಂಬ ಕಿತ್ತು ಹೊತ್ತೊಯ್ದು ಸರೋವರಕ್ಕೆ ಎಸೆದರು. ಆಮೇಲೆ ಮಿನೆಸೋಟಾ ಎದುರು 31–21, ಹಿಂದಿನ ವರ್ಷ 61 ಅಂಕ ಬಾರಿಸಿದ್ದ ಅದೇ ಮಿಷಿಗನ್ ಸ್ಟೇಟ್ ಎದುರು 28–24. ಋತು ಮುಗಿದಾಗ ಒಟ್ಟು ಮೂರು ಗೆಲುವು, ಎಂಟು ಸೋಲು. ಬಿಗ್ ಟೆನ್‌ನ ವರ್ಷದ ಕೋಚ್ ಗೌರವ ಗ್ರೀನ್ ಅವರಿಗೇ ಸಂದಿತು. 1995ರಲ್ಲಿ ಇದೇ ವಿಶ್ವವಿದ್ಯಾಲಯ ಕಾನ್ಫರೆನ್ಸಿನ ಎಂಟೂ ಪಂದ್ಯ ಗೆದ್ದು ರೋಸ್ ಬೌಲ್ ಎಂಬ ಹೆಸರಾಂತ ಪಂದ್ಯಕ್ಕೆ ತಲುಪಿದ ಕಥೆ ಹೆಚ್ಚು ಪ್ರಸಿದ್ಧ. ನನಗೆ 1982ರ ಆ ಮೂರು ಗೆಲುವುಗಳೇ ಹೆಚ್ಚು ಪ್ರಿಯ.