ಪ್ರಾರ್ಥನಾಲಯ ಯಾರ ಹೆಸರಿಗೆ?

ಇಂಡಿಯನ್ ಪೆಂಟೆಕೋಸ್ಟಲ್ ಚರ್ಚ್ ಆಫ್ ಗಾಡ್ ಎಂಬ ಉದ್ದ ಹೆಸರಿನ ಸಭೆಯನ್ನು ಅದರವರೆಲ್ಲ ಚುಟುಕಾಗಿ ಐಪಿಸಿ ಎನ್ನುತ್ತಾರೆ. ಕಟ್ಟಿದವರು ತಿರುವಾಂಕೂರಿನ ಮಲಯಾಳಿಗಳು. ಕೇಂದ್ರ ಇರುವುದು ಪಂಪಾ ನದಿಯ ಸೀಮೆಯ ಕುಂಬನಾಡಿನಲ್ಲಿ. ಆದರೆ 1935ರಲ್ಲಿ ಅದು ರಿಜಿಸ್ಟರ್ ಆದದ್ದು ಕೊಟ್ಟಾಯದಲ್ಲೂ ಅಲ್ಲ, ತಿರುವನಂತಪುರದಲ್ಲೂ ಅಲ್ಲ. ದೂರದ ತೆಲುಗು ಸೀಮೆಯ ಏಲೂರಿನಲ್ಲಿ. ಅದಕ್ಕಿಂತ ವಿಚಿತ್ರವೆಂದರೆ, ಸಭೆಯ ಜೀವಾಳವಾಗಿದ್ದ ಪಾಸ್ಟರ್ ಕೆ.ಇ. ಅಬ್ರಹಾಂ ಆ ಮೊದಲ ಪದಾಧಿಕಾರಿಗಳ ಸಾಲಿನಲ್ಲಿ ಉಪಾಧ್ಯಕ್ಷರು ಮಾತ್ರ. ಅಧ್ಯಕ್ಷರಾದವರು ಪಿ.ಎಂ. ಸ್ಯಾಮ್ಯುಯೆಲ್.

ಪವಿತ್ರಾತ್ಮನೇ ಸಭೆಯನ್ನು ನಡೆಸುತ್ತಾನೆ, ಬಿಷಪ್ ಬೇಡ, ಸಿನೊಡ್ ಬೇಡ ಎಂದು ಹಳೆಯ ಚರ್ಚುಗಳನ್ನು ಬಿಟ್ಟು ಬಂದ ಜನ ಇವರು. ಅಂಥವರಿಗೆ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತುವ ದರ್ದು ಏನಿತ್ತು? ಸಭೆಗಳ ಚರಿತ್ರೆಯಲ್ಲಿ ಇದಕ್ಕೆ ಭಕ್ತಿಯ ಉತ್ತರಗಳು ಬೇಕಾದಷ್ಟು ಸಿಗುತ್ತವೆ. ನನಗೆ ಕಾಣುವ ಉತ್ತರ ಬೇರೆ: ಕಟ್ಟಡ.

ಕಥೆಯ ಮೊದಲ ಕಂತು ನಮ್ಮ ಬೆಂಗಳೂರಿನದೇ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಕಪ್ಪು ಜನಾಂಗದ ಬೋಧಕ ವಿಲಿಯಂ ಸೀಮೋರ್ ನಡೆಸಿದ ಪೆಂಟೆಕೋಸ್ಟ್ ಕೂಟಗಳಿಂದ ಹೊರಟವರಲ್ಲಿ ಜಾರ್ಜ್ ಬರ್ಗ್ ಒಬ್ಬ. 1908ರಲ್ಲಿ ಭಾರತಕ್ಕೆ ಬಂದ ಈತ ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡು ತಿರುವಾಂಕೂರಿನ ಬ್ರದರನ್ ಪಂಗಡದವರ ಕೂಟಗಳಿಗೆ ಹೋಗಿ ಬೋಧಿಸಿದ. 1913ರಲ್ಲಿ ರಾಬರ್ಟ್ ಕುಕ್ ಎಂಬ ಇನ್ನೊಬ್ಬ ಅಮೆರಿಕನ್ ಹೆಂಡತಿಯೊಡನೆ ಬೆಂಗಳೂರಿಗೇ ಬಂದಿಳಿದ. ವರ್ಷ ಕಳೆಯುವಷ್ಟರಲ್ಲಿ ಬರ್ಗ್ ಮರಳಿ ಹೋದ. ಅವನು ತಿರುವಾಂಕೂರಿನಲ್ಲಿ ಹುಟ್ಟಿಸಿದ್ದ ಸಣ್ಣಪುಟ್ಟ ಸಭೆಗಳ ಹೊಣೆ ಕುಕ್ ಮೇಲೆ ಬಿತ್ತು. ಬೆಂಗಳೂರಿನಿಂದ ಓಡಾಡಿ ಸಾಕಾಗಿ 1921ರ ಹೊತ್ತಿಗೆ ಕುಕ್ ಕೊಟ್ಟಾರಕ್ಕರಕ್ಕೆ ಬಿಡಾರ ಬದಲಿಸಿದ. ಕೇರಳದ ಪೆಂಟೆಕೋಸ್ಟ್ ಸಭೆಗಳು ತಮ್ಮ ಚರಿತ್ರೆಯಲ್ಲಿ ಬೆಂಗಳೂರನ್ನು ದಾಟುಕಲ್ಲಿನಂತೆ ದಾಟಿಬಿಡುತ್ತವೆ. ಇಲ್ಲಿಯವರಾದ ನಾವಂತೂ ಅದನ್ನು ಮೆಟ್ಟಿದ ನೆನಪನ್ನೂ ಇಟ್ಟುಕೊಂಡಿಲ್ಲ.

ತಿರುವಾಂಕೂರಿನ ಸಿರಿಯನ್ ಕ್ರೈಸ್ತರು ಸಾಮಾನ್ಯ ಮತಾಂತರಿಗಳಲ್ಲ. ತಮ್ಮ ವಂಶಕ್ಕೆ ಸಂತ ತೋಮನಿಂದಲೇ ದೀಕ್ಷೆಯಾಯಿತು ಎನ್ನುವ ಮನೆತನಗಳು. ಗದ್ದೆ, ತೋಟ, ಕುಲಗೌರವ ಎಲ್ಲ ಉಳ್ಳವರು. ಪಂಪಾ ತೀರದ ಮಾರಾಮಣ್‌ನಲ್ಲಿ 1895ರಿಂದಲೇ ಮಾರ್ತೋಮಾ ಸಭೆಯವರ ದೊಡ್ಡ ಕನ್ವೆನ್ಷನ್ ನಡೆಯುತ್ತಿತ್ತು. ಉಜ್ಜೀವನದ ಮಾತು ಅಲ್ಲಿ ಹೊಸದಾಗಿರಲಿಲ್ಲ. ಹೊಸದಾಗಿದ್ದದ್ದು ಪೆಂಟೆಕೋಸ್ಟ್ ಉಪದೇಶಿ ಕೇಳುತ್ತಿದ್ದ ಬೆಲೆ. ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಸಾಲದು, ನೀರಿನಲ್ಲಿ ಮತ್ತೆ ಮುಳುಗಬೇಕು. ಅನ್ಯಭಾಷೆಯಲ್ಲಿ ಮಾತನಾಡುವಷ್ಟು ಪವಿತ್ರಾತ್ಮ ತುಂಬಬೇಕು. ಮತ್ತೆ, ಚಿನ್ನ ಬಿಡಬೇಕು. ಆ ಕಾಲದ ಸಿರಿಯನ್ ಹೆಂಗಸರು ಕಿವಿಯ ಮೇಲಂಚಿಗೆ ತೂತು ಮಾಡಿಸಿ ‘ಮೇಕ್ಕಾಮೋದಿರ’ ಎಂಬ ದಪ್ಪ ಬಳೆಯೋಲೆ ಹಾಕುತ್ತಿದ್ದರು. ಸ್ನಾನದ ದಿನ ಅದು ಕಳಚಬೇಕು, ಕೊರಳಿನ ‘ಮಿನ್ನು’ ಎಂಬ ತಾಳಿಯೂ ಹೋಗಬೇಕು. ಓಲೆ ಹೋದರೂ ತೂತು ಹೋಗುವುದಿಲ್ಲವಲ್ಲ. ಇವಳು ಇಂಥ ಮನೆತನ ಬಿಟ್ಟು ಬಂದವಳು ಎಂದು ಊರಿಗೆಲ್ಲ ಆ ಬೋಳು ಕಿವಿಯೇ ಹೇಳುತ್ತಿತ್ತು.

ಕೆ.ಇ. ಅಬ್ರಹಾಂ ಹೀಗೆ ಬಿಟ್ಟುಬಂದವರಲ್ಲೊಬ್ಬರು. ಹುಟ್ಟಿದ್ದು 1899ರಲ್ಲಿ, ಚೆಂಗನ್ನೂರಿನ ಪಕ್ಕದ ಮುಳಕ್ಕುಳದಲ್ಲಿ, ಯಾಕೋಬಾಯ ಸಿರಿಯನ್ ಮನೆಯಲ್ಲಿ. ಶಾಲಾ ಮೇಷ್ಟ್ರಾಗಿದ್ದವರು ಮೊದಲು ಬ್ರದರನ್ ಪಂಗಡಕ್ಕೆ ಹೋದರು. 1923ರಲ್ಲಿ ನೆಯ್ಯಾಟಿಂಕರ ಕಡೆಯ ಪರಣಿಯಂ ಎಂಬಲ್ಲಿ ಪವಿತ್ರಾತ್ಮನ ದೀಕ್ಷೆ ಪಡೆದು ಪೆಂಟೆಕೋಸ್ಟ್ ಆದರು. ಆಮೇಲೆ ಕುಕ್ ಮತ್ತು ಅಬ್ರಹಾಂ ಜೋಡೆತ್ತುಗಳು. ಒಬ್ಬನಿಗೆ ಅಮೆರಿಕದ ಸಂಪರ್ಕ, ಇನ್ನೊಬ್ಬರಿಗೆ ಮಲಯಾಳದ ನಾಲಿಗೆ. 1927ರಲ್ಲಿ ಕುಕ್ ತನ್ನ ಕೇಂದ್ರ ‘ಮೌಂಟ್ ಝಯನ್’ ಕಟ್ಟಿದ್ದು ಕೂಡ ಅಬ್ರಹಾಮರ ಮುಳಕ್ಕುಳದಲ್ಲೇ.

ಜಗಳ ಹತ್ತಿದ್ದು ಅಲ್ಲಿಂದ ಮುಂದೆ. ತೆಂಗಿನ ಗರಿಯ ಚಪ್ಪರದಡಿ, ಯಾರದೋ ಮನೆಯ ಜಗಲಿಯಲ್ಲಿ ಸೇರುವಷ್ಟು ದಿನ ಒಡೆತನದ ಪ್ರಶ್ನೆ ಇರಲಿಲ್ಲ. ಪ್ರಾರ್ಥನಾಲಯ ಕಟ್ಟಲೆಂದು ಹೊರದೇಶದಿಂದ ಹಣ ಬರತೊಡಗಿದಾಗ ಪ್ರಶ್ನೆಗಳು ಎದ್ದವು. ಯಾವ ಊರಿಗೆ ಎಷ್ಟು? ಹಂಚುವವರು ಯಾರು? ಎದ್ದು ನಿಂತ ಗೋಡೆಗಳ ಮೇಲೆ ಹಕ್ಕು ಯಾರದು, ಮಿಷನರಿಯದೋ ಊರಿನ ಸಭೆಯದೋ? ಅಬ್ರಹಾಮರ ನಿಲುವು ಸ್ಪಷ್ಟ: ಹೊಸ ಒಡಂಬಡಿಕೆಯ ಪ್ರಕಾರ ಪ್ರತಿ ಊರಿನ ಸಭೆಯೂ ಸ್ವತಂತ್ರ, ಅದರ ತಲೆಯ ಮೇಲೆ ಬಿಳಿಯ ಮಿಷನರಿ ಕೂರುವುದಕ್ಕೆ ವೇದದಲ್ಲಿ ಆಧಾರವಿಲ್ಲ, ಭಾರತದ ಸಭೆಯನ್ನು ಭಾರತೀಯರೇ ನಡೆಸಬೇಕು. 1930ರಲ್ಲಿ ಇಬ್ಬರೂ ಬೇರೆಯಾದರು. ದಂಡಿಯಾತ್ರೆಯ ವರ್ಷ ಅದು. ಹೊರಗೆ ಬೀಸುತ್ತಿದ್ದ ಗಾಳಿ ಪ್ರಾರ್ಥನಾಲಯದ ಕಿಟಕಿಗಳಿಗೂ ತಾಗಿರಲಿಲ್ಲವೆಂದು ನಂಬುವುದು ಕಷ್ಟ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಇದು ಸ್ವದೇಶಿ ವೀರಗಾಥೆ. ಎಷ್ಟೋ ಕಡೆ ಹಾಗೇ ಬರೆದು ಮುಗಿಸಿದ್ದಾರೆ. ನನ್ನ ತಕರಾರೂ ಅಲ್ಲೇ. ಕುಕ್ ಹಿಂದೆ ನಡೆದವರಲ್ಲಿ ದಲಿತರು ದೊಡ್ಡ ಸಂಖ್ಯೆಯಲ್ಲಿದ್ದರು. ಒಡಕಿನಲ್ಲಿ ಸಿರಿಯನ್ ಮನೆತನಗಳಿಂದ ಬಂದವರು ಹೆಚ್ಚಾಗಿ ಅಬ್ರಹಾಮರ ಜೊತೆ ಹೋದರು, ದಲಿತರು ಹೆಚ್ಚಾಗಿ ಕುಕ್ ಜೊತೆ ಉಳಿದರು. ಬಿಳಿಯನ ಯಜಮಾನಿಕೆ ಬೇಡ ಎಂಬುದು ಒಬ್ಬರಿಗೆ ಸ್ವಾತಂತ್ರ್ಯ. ಆ ಬಿಳಿಯ ಹೋದರೆ ನಮ್ಮ ತಲೆಯ ಮೇಲೆ ಕೂರುವವರು ಯಾರು ಎಂಬುದು ಇನ್ನೊಬ್ಬರ ಅಂಜಿಕೆ. ಓಲೆ ಕಳಚಿದಷ್ಟು ಸಲೀಸಾಗಿ ಜಾತಿ ಕಳಚಲಿಲ್ಲ. ಕುಕ್ 1936ರಲ್ಲಿ ತನ್ನ ಸಭೆಗಳನ್ನು ಅಮೆರಿಕದ ಟೆನೆಸೀ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಕೇಂದ್ರವಿದ್ದ ಚರ್ಚ್ ಆಫ್ ಗಾಡ್ ಜೊತೆ ಸೇರಿಸಿದ. ಆ ಸಭೆಯೊಳಗೂ ಸಿರಿಯನ್-ದಲಿತ ಬಿರುಕು ಬೆಳೆದು, 1972ರಲ್ಲಿ ಕೇರಳದಲ್ಲಿ ಅದರ ಆಡಳಿತವೇ ಎರಡಾಯಿತು.

ಕುಕ್‌ನನ್ನು ಬಿಟ್ಟ ಅಬ್ರಹಾಂ ನೇರವಾಗಿ ತಮ್ಮದೇ ಸಭೆ ಕಟ್ಟಲಿಲ್ಲ. ಕೊಲಂಬೊದ ಸಿಲೋನ್ ಪೆಂಟೆಕೋಸ್ಟಲ್ ಮಿಷನ್ ಕಡೆ ಹೋಗಿ ಪಾಸ್ಟರ್ ಪೌಲರ ಆಸರೆ ಪಡೆದರು. ಈ ಪೌಲರು ರಾಮನ್‌ಕುಟ್ಟಿಯಾಗಿ ತ್ರಿಶ್ಶೂರು ಕಡೆ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆಗೆಲಸಕ್ಕೆಂದು ಸಿಲೋನ್ ಸೇರಿದವರು. ಅಲ್ಲಿ ಕ್ರೈಸ್ತರಾಗಿ, 1920ರ ದಶಕದಲ್ಲಿ ಸಭೆ ಕಟ್ಟಿದವರು. ಅವರ ಸಭೆಯಲ್ಲಿ ಬಿಳಿಯರ ಹಿಡಿತವಿರಲಿಲ್ಲ, ಸರಿ. ಆದರೆ ಸೇವಕರು ಮದುವೆಯಾಗಬಾರದು, ಸ್ವಂತ ಆಸ್ತಿ ಇಟ್ಟುಕೊಳ್ಳಬಾರದು, ಬಿಳಿ ಬಟ್ಟೆ ತೊಟ್ಟು ಒಂದೇ ಮನೆಯಲ್ಲಿ ಬಾಳಬೇಕು, ಔಷಧ ಮುಟ್ಟಬಾರದು. ಸಂಸಾರಸ್ಥರಾದ ತಿರುವಾಂಕೂರಿನ ಪಾಸ್ಟರುಗಳಿಗೆ ಇದು ಒಗ್ಗುವ ಮಾತಾಗಿರಲಿಲ್ಲ. ನಾಲ್ಕು ವರ್ಷ ತುಂಬುವ ಮೊದಲೇ ಆ ಸಂಬಂಧವೂ ಹರಿಯಿತು.

ಆಗ ಬಂತು ಏಲೂರು. ತಿರುವಾಂಕೂರು ಮಹಾರಾಜರ ಸಂಸ್ಥಾನ. ಬ್ರಿಟಿಷ್ ಇಂಡಿಯಾದ 1860ರ ಸೊಸೈಟಿ ನೋಂದಣಿ ಕಾಯ್ದೆ ಅಲ್ಲಿ ನಡೆಯುತ್ತಿರಲಿಲ್ಲ. ಏಲೂರಿದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಸ್ಯಾಮ್ಯುಯೆಲ್ ಆ ಸೀಮೆಗೆ ಸುವಾರ್ತೆಗೆಂದು ಹೋಗಿ ಬೇರು ಬಿಟ್ಟಿದ್ದರು. ಅವರು ಅಧ್ಯಕ್ಷರು, ಅಬ್ರಹಾಂ ಉಪಾಧ್ಯಕ್ಷರು, ಪಿ.ಟಿ. ಚಾಕೊ ಕಾರ್ಯದರ್ಶಿ ಎಂದು ದಾಖಲಾಯಿತು. ಸಭೆಯ ಹೆಸರಿನಲ್ಲಿ ಮೊದಲಿದ್ದ ‘ದಕ್ಷಿಣ ಭಾರತ’ ‘ಇಂಡಿಯನ್’ ಆಗಿ ಹಿಗ್ಗಿತು. ಕಟ್ಟಡದ ಪತ್ರ ಇನ್ನು ಮಿಷನರಿಯ ಹೆಸರಿಗೂ ಅಲ್ಲ, ಪಾಸ್ಟರ್ ಹೆಸರಿಗೂ ಅಲ್ಲ; ಸಭೆಯ ಹೆಸರಿಗೆ. ಆಸ್ತಿ ಬಂದ ಮೇಲೆ ಅದನ್ನು ನೋಡಿಕೊಳ್ಳಲು ಕೌನ್ಸಿಲ್ ಬೇಕು, ಕೌನ್ಸಿಲ್ ಆದ ಮೇಲೆ ಅದಕ್ಕೆ ಚುನಾವಣೆ ಬೇಕು.

ಮುಂದಿನ ದಶಕಗಳದ್ದು ಬಹುಮಟ್ಟಿಗೆ ಕನ್ವೆನ್ಷನ್, ಬೈಬಲ್ ಶಾಲೆ, ಒಡಕುಗಳ ಪಟ್ಟಿ. 1950ರ ದಶಕದ ಆರಂಭದಲ್ಲಿ ತಿರುವಲ್ಲದಲ್ಲಿ ಶಾರೋನ್ ಫೆಲೋಶಿಪ್ ಎಂಬ ಪ್ರತ್ಯೇಕ ಸಭೆ ಎದ್ದಿತು. ಹೊರದೇಶದ ನೆರವೂ ಪೂರ್ತಿ ನಿಲ್ಲಲಿಲ್ಲ. ಅಬ್ರಹಾಮರೇ ಸಮುದ್ರ ದಾಟಿ ಹೋಗಿಬಂದರು. 1974ರಲ್ಲಿ ಅವರು ತೀರಿಕೊಂಡ ಮೇಲೆ, ಊರೂರಿನ ಸಭೆ ಸ್ವತಂತ್ರ ಎಂದು ಹೊರಟ ಸಂಘಟನೆ ಮೇಲಿನಿಂದ ಕೆಳಗೆ ಜನರಲ್ ಕೌನ್ಸಿಲ್, ರಾಜ್ಯ ಕೌನ್ಸಿಲ್ ಎಂದು ಇನ್ನಷ್ಟು ಬೆಳೆಯಿತು. ಕೌನ್ಸಿಲ್ ಚುನಾವಣೆಯ ಕಾವು ಇಂದು ಯಾವ ಸಹಕಾರಿ ಬ್ಯಾಂಕಿಗೂ ಕಡಿಮೆಯಿಲ್ಲ. ಇದನ್ನು ಪತನ ಎನ್ನಲು ನಾನು ತಯಾರಿಲ್ಲ. ಮಿಷನರಿಯ ಮುಂದೆ ಕೈಕಟ್ಟಿ ನಿಲ್ಲುವುದಕ್ಕಿಂತ ಓಟು ಹಾಕಿ ಜಗಳವಾಡುವುದು ವಾಸಿ.

ಕರ್ನಾಟಕಕ್ಕೂ ಐಪಿಸಿಯ ರಾಜ್ಯ ಕೌನ್ಸಿಲ್ ಇದೆ. ಬೆಂಗಳೂರಿನ ಹೊರಮಾವು ಅಗರ ಅದರ ಕೇಂದ್ರ. ಕೇರಳದಿಂದ ನರ್ಸಿಂಗ್‌ಗೆ, ಫ್ಯಾಕ್ಟರಿಗೆ, ಆಮೇಲೆ ಕಂಪ್ಯೂಟರ್ ಕೆಲಸಕ್ಕೆ ಬಂದವರು ಸಭೆಗಳನ್ನು ಬೆಳೆಸಿದರು. ಕನ್ನಡದಲ್ಲಿ ಸ್ತೋತ್ರ ಹಾಡುವ ಸಭೆಗಳೂ ಹುಟ್ಟಿಕೊಂಡವು. ಹೀಗೆ ಬರ್ಗ್, ಕುಕ್ ಕಾಲದಲ್ಲಿ ಬೆಂಗಳೂರಿನಿಂದ ತೆಂಕಣಕ್ಕೆ ಹೋದದ್ದು ಸುತ್ತು ಹಾಕಿ ಇಲ್ಲಿಗೇ ಬಂತು. ಆದರೆ ಸಭೆಗಳು ಅಚ್ಚು ಹಾಕಿಸುವ ಬೆಳ್ಳಿಹಬ್ಬ, ಚಿನ್ನದ ಹಬ್ಬದ ಸ್ಮರಣ ಸಂಚಿಕೆಗಳಲ್ಲಿ ಏನಿರುತ್ತದೆ? ಪದಾಧಿಕಾರಿಗಳ ಫೋಟೊ, ಜಾಗ ಕೊಂಡ ವರ್ಷ, ಕಟ್ಟಡದ ಚದರಡಿ. ಮೊದಲು ಮನೆಯ ಜಗಲಿ ಬಿಟ್ಟುಕೊಟ್ಟ ಹೆಂಗಸು, ಬಿಳಿಯನ ಬೋಧನೆಯನ್ನು ದುಭಾಷಿಯಾಗಿ ಊರಿನ ನುಡಿಗೆ ತಂದವನು, ಕೂಲಿಯ ದಿನ ತಪ್ಪಿಸಿ ಇಟ್ಟಿಗೆ ಹೊತ್ತ ದಲಿತ ಕುಟುಂಬ, ಇವರು ಒಂದು ಸಾಲಿಗೂ ಬರುವುದಿಲ್ಲ. ಕ್ರಯಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಕೌನ್ಸಿಲ್‌ಗಳು ಅಷ್ಟೇ ಕಾಳಜಿಯಿಂದ ಈ ಹೆಸರುಗಳನ್ನೂ ಬರೆದಿಡಬೇಕು, ಬಲ್ಲ ಹಿರಿಯರು ಬದುಕಿರುವಾಗಲೇ. ಪ್ರಾರ್ಥನಾಲಯ ಯಾರದು ಎಂಬ ಪ್ರಶ್ನೆಗೆ ರಿಜಿಸ್ಟ್ರಾರ್ ಕೊಟ್ಟದ್ದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ಸಭೆಯೇ ಬರೆಯಬೇಕು.