ಕಚೇರಿಗೆ ಹೋಗುವ ಗರ್ಭಿಣಿಯರೇ, ತೂಕದ ಲೆಕ್ಕ ನಿಮ್ಮ ಕೈಯಲ್ಲಿರಲಿ

ಕ್ಯಾತ್ಸಂದ್ರದ ನನ್ನ ದವಾಖಾನೆಗೆ ಒಮ್ಮೆ ಐದು ತಿಂಗಳ ಗರ್ಭಿಣಿಯೊಬ್ಬಳು ಅತ್ತೆಯ ಜೊತೆ ಬಂದಳು. ತುಮಕೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಬೆಳಿಗ್ಗೆ ಒಂಬತ್ತೂವರೆಗೆ ಕಂಪ್ಯೂಟರ್ ಮುಂದೆ ಕುಳಿತರೆ ಊಟದ ಹೊತ್ತು ಬಿಟ್ಟು ಸಂಜೆ ಆರರವರೆಗೆ ಏಳುವುದಿಲ್ಲ. ಗರ್ಭ ನಿಲ್ಲುವ ಮೊದಲು 62 ಕೆ.ಜಿ. ಇದ್ದವಳು ಆಗಲೇ 71 ಆಗಿದ್ದಳು.

"ಡಾಕ್ಟರಮ್ಮ, ಇವಳು ದಿನೇ ದಿನೇ ಊದ್ತಾ ಇದ್ದಾಳೆ. ತೂಕ ಇಳಿಯೋ ಸಫೂಫ್ ಏನಾದ್ರೂ ಕೊಡಿ. ಯುನಾನಿ ಅಲ್ವಾ, ತೊಂದರೆ ಏನೂ ಆಗಲ್ಲ" ಎಂದರು ಅತ್ತೆ.

"ಖಾಲಾ, ಆ ಸಫೂಫ್ ಇಲ್ಲೇ ಬೀರುವಿನಲ್ಲಿದೆ. ಆದರೆ ಬಸುರಿಗೆ ನಾನು ಅದನ್ನು ಕೊಡುವುದಿಲ್ಲ" ಎಂದೆ. ಅವರಿಗೆ ಬೇಸರವಾಯಿತು. ಅಂದು ಅವರಿಬ್ಬರಿಗೂ ಕೂರಿಸಿ ಹೇಳಿದ ಮಾತುಗಳನ್ನೇ ಇಲ್ಲಿ ನಿಮಗೂ ಹೇಳುತ್ತೇನೆ. ಈಗ ನಮ್ಮ ಹೆಣ್ಣುಮಕ್ಕಳು ಬ್ಯಾಂಕಿನಲ್ಲಿ, ಶಾಲೆಯ ಕಚೇರಿಯಲ್ಲಿ, ಕಂಪನಿಗಳಲ್ಲಿ ಕುಳಿತು ದುಡಿಯುತ್ತಿದ್ದಾರೆ. ಬಸುರಿಯ ಊಟದ ಬಗ್ಗೆ ಮನೆಯಲ್ಲಿ ಎಲ್ಲರೂ ಮಾತನಾಡುತ್ತಾರೆ. ಅವಳು ಕೂರುವ ಕುರ್ಚಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ.

ತೂಕ ಹೆಚ್ಚಲೇಬೇಕು

ಗರ್ಭಿಣಿಯ ತೂಕ ಹೆಚ್ಚುವುದು ರೋಗವಲ್ಲ. ಹೆರಿಗೆಯ ಹೊತ್ತಿಗೆ ಮಗುವೇ ಸುಮಾರು 3 ಕೆ.ಜಿ. ಇರುತ್ತದೆ. ಅದರ ಜೊತೆಗೆ ಮಾಸು, ಗರ್ಭಜಲ, ದೊಡ್ಡದಾದ ಗರ್ಭಕೋಶ, ಹೆಚ್ಚಿದ ರಕ್ತ, ಮೈಯಲ್ಲಿ ಸೇರುವ ನೀರು, ಮುಂದೆ ಹಾಲೂಡಿಸಲು ದೇಹ ಕೂಡಿಡುವ ಕೊಬ್ಬು. ಇವೆಲ್ಲ ಬೇಕಾದ ತೂಕಗಳೇ. ತೀರಾ ಕಡಿಮೆ ಹೆಚ್ಚಿದರೆ ಮಗು ಸಣ್ಣದಾಗಿ ಅಥವಾ ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚು. ಅತಿಯಾಗಿ ಹೆಚ್ಚಿದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಗು ತೀರಾ ದಪ್ಪವಾಗುವುದು, ಸಿಸೇರಿಯನ್ ಇವುಗಳ ಅಪಾಯ ಏರುತ್ತದೆ.

ಎಷ್ಟು ಹೆಚ್ಚಬೇಕೆಂಬುದು ನೀವು ಗರ್ಭಿಣಿಯಾಗುವ ಮೊದಲು ಎಷ್ಟಿದ್ದಿರಿ ಎಂಬುದನ್ನು ಅವಲಂಬಿಸಿದೆ. ಆಗಿನ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿ. ಬರುವ ಸಂಖ್ಯೆಯೇ ಬಿ.ಎಂ.ಐ. ಮೇಲೆ ಹೇಳಿದ ಸಹೋದರಿಯ ಎತ್ತರ 1.55 ಮೀಟರ್. 62ನ್ನು 1.55ರಿಂದ ಭಾಗಿಸಿದರೆ 40, ಅದನ್ನು ಮತ್ತೆ 1.55ರಿಂದ ಭಾಗಿಸಿದರೆ ಸುಮಾರು 25.8.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಅಳತೆಯನ್ನು ಇಂದು ಹಲವು ದೇಶಗಳ ವೈದ್ಯರು ಬಳಸುತ್ತಾರೆ. ಅದರಂತೆ ಒಂದೇ ಮಗುವಿರುವ ಬಸುರಿಗೆ:

• ಬಿ.ಎಂ.ಐ. 18.5ಕ್ಕಿಂತ ಕಡಿಮೆ ಇದ್ದರೆ 12.5ರಿಂದ 18 ಕೆ.ಜಿ.
• 18.5ರಿಂದ 24.9 ಇದ್ದರೆ 11.5ರಿಂದ 16 ಕೆ.ಜಿ.
• 25ರಿಂದ 29.9 ಇದ್ದರೆ 7ರಿಂದ 11.5 ಕೆ.ಜಿ.
• 30 ಅಥವಾ ಹೆಚ್ಚಿದ್ದರೆ 5ರಿಂದ 9 ಕೆ.ಜಿ.

ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ ಬೇಗ ಬರುವುದರಿಂದ ಬಿ.ಎಂ.ಐ. 23 ದಾಟಿದವರೂ ಎಚ್ಚರವಾಗಿರುವುದು ಒಳ್ಳೆಯದು. ಮೊದಲ ಮೂರು ತಿಂಗಳಲ್ಲಿ ಅರ್ಧದಿಂದ 2 ಕೆ.ಜಿ. ಹೆಚ್ಚಿದರೆ ಸಾಕು. ವಾಂತಿಯಿಂದ ಸ್ವಲ್ಪ ಇಳಿದರೂ ಗಾಬರಿ ಬೇಡ. ನಂತರ ಸಾಮಾನ್ಯ ತೂಕದವರಿಗೆ ವಾರಕ್ಕೆ ಅರ್ಧ ಕೆ.ಜಿ.ಗಿಂತ ತುಸು ಕಡಿಮೆ, ದಪ್ಪ ಇರುವವರಿಗೆ ಸುಮಾರು ಕಾಲು ಕೆ.ಜಿ. ಸರಿಯಾದ ವೇಗ.

ಕುರ್ಚಿಯೇ ಅರ್ಧ ಕಾರಣ

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಸಂಗತಿಗಳನ್ನು ಹೇಳುತ್ತಾರೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಅದರ ಹೆಸರು. ಗಾಳಿ, ಅನ್ನ-ನೀರು, ಮೈಯ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದ್ದು ಮತ್ತು ಒಳಗೆ ಉಳಿಯಬೇಕಾದ್ದು. ಇದರಲ್ಲಿ ಚಲನೆ ಮತ್ತು ವಿಶ್ರಾಂತಿ ಜೋಡಿಯಾಗಿಯೇ ಇವೆ ಎಂಬುದನ್ನು ಗಮನಿಸಿ. ಎಂಟು ಗಂಟೆ ಕುಳಿತಿರುವುದು ವಿಶ್ರಾಂತಿಯಲ್ಲ. ತಲೆ ದಣಿದಿರುತ್ತದೆ, ಮೈ ಜಡವಾಗಿರುತ್ತದೆ. ತಿಂದದ್ದು ಖರ್ಚಾಗದೆ ಉಳಿಯುತ್ತದೆ, ಕಾಲು ಊದುತ್ತದೆ, ಮಲಬದ್ಧತೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರ ಸಲಹೆಯಲ್ಲಿ, ತೊಂದರೆಯಿಲ್ಲದ ಗರ್ಭಿಣಿಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಮಾಡಬೇಕು, ಕುಳಿತಿರುವ ಹೊತ್ತನ್ನು ಕಡಿಮೆ ಮಾಡಬೇಕು ಎಂದಿದೆ. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಒಟ್ಟಿಗೇ ಮಾಡಬೇಕೆಂದಿಲ್ಲ, ಮೂರು ಬಾರಿ ಹತ್ತು ಹತ್ತು ನಿಮಿಷ ನಡೆದರೂ ಆಯಿತು. ಮಾತನಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು. ರಕ್ತಸ್ರಾವವಾದವರು, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಹೇಳಿಸಿಕೊಂಡವರು, ಬೇಗ ಹೆರಿಗೆಯಾಗುವ ಭಯವಿರುವವರು ಮಾತ್ರ ನಿಮ್ಮ ಹೆರಿಗೆ ವೈದ್ಯರನ್ನು ಕೇಳದೆ ಆರಂಭಿಸಬೇಡಿ.

ಕಚೇರಿಯಲ್ಲಿ ಹೀಗೆ ಮಾಡಿ:

• ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ಓಡಾಡಿ. ದೊಡ್ಡ ಬಾಟಲಿಯ ಬದಲು ಲೋಟ ಇಟ್ಟುಕೊಳ್ಳಿ, ನೀರಿಗಾಗಿ ಏಳಲೇಬೇಕಾಗುತ್ತದೆ.
• ಫೋನ್ ಬಂದರೆ ನಿಂತು ಮಾತನಾಡಿ.
• ಝುಹರ್ ನಮಾಝ್‌ಗೆ ಎದ್ದಾಗ ಅದರ ಜೊತೆಗೇ ಹತ್ತು ನಿಮಿಷ ನಡೆಯಿರಿ.
• ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ಪಾದದ ಕೆಳಗೆ ಸಣ್ಣ ಮಣೆ, ಸೊಂಟದ ಹಿಂದೆ ದಿಂಬು ಇರಲಿ. ಕುಳಿತಲ್ಲೇ ಪಾದವನ್ನು ಆಗಾಗ ಮೇಲೆ ಕೆಳಗೆ ಆಡಿಸಿ.
• ಮೂತ್ರ ಕಟ್ಟಿಕೊಂಡು ಕೂರಬೇಡಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರದ ಸೋಂಕು ತಗಲುತ್ತದೆ.

ಡಬ್ಬಿಯಲ್ಲಿ ಏನಿರಲಿ?

"ಎರಡು ಜೀವಕ್ಕೆ ತಿನ್ನಬೇಕು" ಎನ್ನುವ ಮಾತನ್ನು ಎರಡು ತಟ್ಟೆ ಎಂದು ತಿಳಿಯಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ಗರ್ಭಿಣಿಗೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು ಸುಮಾರು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಬಾಳೆಹಣ್ಣು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ.

ಆ ಸಹೋದರಿ ತಾನು ತಿಂದದ್ದನ್ನೆಲ್ಲ ಬರೆದು ತಂದಾಗ ಕಾರಣ ಗೊತ್ತಾಯಿತು. ಬೆಳಿಗ್ಗೆ ಬಸ್ಸಿಗೆ ತಡವೆಂದು ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ, ಮಧ್ಯಾಹ್ನ ಡಬ್ಬಿ ತುಂಬ ಅನ್ನ, ಮೇಜಿನ ಖಾನೆಯಲ್ಲಿ ಬಿಸ್ಕತ್ತು, ಐದು ಸಲ ಚಹಾ. ಚಹಾಕ್ಕೆ ಎರಡೆರಡು ಚಮಚವೆಂದರೂ ಅದರಲ್ಲೇ ಹತ್ತು ಚಮಚ ಸಕ್ಕರೆ.

ನಮ್ಮೂರಿನ ತಟ್ಟೆ ಇಡ್ಲಿ ಬಿಡಬೇಕಾಗಿಲ್ಲ. ಒಂದು ಸಾಕು, ಬೆಣ್ಣೆಯ ಬದಲು ಒಂದು ಬೇಯಿಸಿದ ಮೊಟ್ಟೆ ಇರಲಿ. ಮಧ್ಯಾಹ್ನ ಅರ್ಧ ಡಬ್ಬಿ ಸೊಪ್ಪು-ತರಕಾರಿ, ಕಾಲು ಭಾಗ ಬೇಳೆ, ಕಾಳು ಅಥವಾ ಮಾಂಸ, ಉಳಿದ ಕಾಲು ಭಾಗ ಅನ್ನ ಅಥವಾ ರೊಟ್ಟಿ. ರಾತ್ರಿ ಮನೆಯಲ್ಲಿ ಸಣ್ಣ ಮುದ್ದೆ, ಸೊಪ್ಪಿನ ಸಾರು. ಬಿಸ್ಕತ್ತಿನ ಜಾಗದಲ್ಲಿ ಹುರಿಗಡಲೆ, ಸೀಬೆಹಣ್ಣು, ಎರಡು ಖರ್ಜೂರ, ಮಜ್ಜಿಗೆ. ಚಹಾ ದಿನಕ್ಕೆ ಎರಡು ಸಾಕು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಅದು ಮೈಗೆ ಹತ್ತುವುದಿಲ್ಲ. ಏಳನೇ ತಿಂಗಳ ಸಂಭ್ರಮದಲ್ಲಿ ಬಿರಿಯಾನಿ, ಸಿಹಿ ಇದ್ದೇ ಇರುತ್ತದೆ. ರುಚಿಗೆ ತಿನ್ನಿ, ಆದರೆ ಬಂದವರೆಲ್ಲರ ಕೈತುತ್ತನ್ನೂ ನುಂಗಬೇಕಾಗಿಲ್ಲ.

ಬಸಿರಿನಲ್ಲಿ ತೂಕ ಇಳಿಸಬೇಡಿ

ಸಫೂಫೆ ಮುಹಜ್ಜಿಲ್ ಇರಲಿ, ಬೇರೆ ಯಾವುದೇ ತೂಕ ಇಳಿಸುವ ಪುಡಿ, ಕಷಾಯ, ಮಾತ್ರೆ ಇರಲಿ, ಬಸಿರಿನಲ್ಲಿ ಬೇಡ. ಭೇದಿ ಮಾಡಿಸುವ ಔಷಧಿಯಂತೂ ಬೇಡವೇ ಬೇಡ. ಗಿಡಮೂಲಿಕೆ ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ, ಇದನ್ನು ಯುನಾನಿ ವೈದ್ಯೆಯಾಗಿಯೇ ಹೇಳುತ್ತಿದ್ದೇನೆ. ಊಟ ಬಿಟ್ಟು ಸೊರಗುವುದೂ ತಪ್ಪು. ರಮಝಾನ್ ಬಂದರೆ ತೂಕ ಇಳಿಸುವ ಆಸೆಯಿಂದ ಉಪವಾಸ ಹಿಡಿಯಬೇಡಿ. ತನಗೋ ಮಗುವಿಗೋ ತೊಂದರೆಯಾಗುವ ಭಯವಿರುವ ಗರ್ಭಿಣಿಗೆ ಉಪವಾಸದಿಂದ ರಿಯಾಯಿತಿ ಇದೆ. ವೈದ್ಯರ ಸಲಹೆ ಪಡೆದು ತೀರ್ಮಾನಿಸಿ.

ತಡ ಮಾಡಬಾರದ ಲಕ್ಷಣಗಳು

ವಾರಕ್ಕೊಮ್ಮೆ ಒಂದೇ ದಿನ, ಬೆಳಿಗ್ಗೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ತಪಾಸಣೆಗೆ ಹೋದಾಗಲೆಲ್ಲ ತಾಯಿ ಕಾರ್ಡ್‌ನಲ್ಲಿ ತೂಕ, ರಕ್ತದೊತ್ತಡ ಬರೆಸಿಕೊಳ್ಳಿ. ಒಂದೇ ವಾರದಲ್ಲಿ ಒಂದೆರಡು ಕೆ.ಜಿ. ಏರಿದರೆ ಅದು ಊಟದ ತೂಕವಲ್ಲದೆ ನೀರಿನ ತೂಕವಿರಬಹುದು. ಮುಖ, ಕೈ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಂಡರೆ ಅಥವಾ ರಕ್ತದೊತ್ತಡ 140/90 ಮುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೂ ಹಾಗೆಯೇ. ಆಗ ಎಣ್ಣೆ ಹಾಕಿ ಉಜ್ಜುತ್ತಾ ಮನೆಯಲ್ಲಿ ಕೂರಬೇಡಿ.

ಸಕ್ಕರೆ ಪರೀಕ್ಷೆಯನ್ನು ಮೊದಲ ಭೇಟಿಯಲ್ಲಿ ಮತ್ತು 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ. ಕಚೇರಿಯಲ್ಲಿ ಆ ದಿನದ ರಜೆ ಮೊದಲೇ ಕೇಳಿಡಿ.

ಆ ಸಹೋದರಿಗೆ ಎರಡನೇ ಪರೀಕ್ಷೆಯಲ್ಲಿ 146 ಬಂತು. ಅವಳನ್ನು ಹೆರಿಗೆ ತಜ್ಞರ ಬಳಿಗೆ ಕಳಿಸಿದೆ. ಅವರ ಸಲಹೆಯಂತೆ ಊಟ ಬದಲಿಸಿ, ನಡೆದು, ಇನ್ಸುಲಿನ್ ಇಲ್ಲದೆಯೇ ಸಕ್ಕರೆ ಹತೋಟಿಗೆ ಬಂತು. ಸಂಜೆ ಸೊಸೆ ಕಚೇರಿಯಿಂದ ಬಂದ ಮೇಲೆ ಅತ್ತೆಯೇ ಅವಳನ್ನು ಕರೆದುಕೊಂಡು ನಡೆಯಲು ಹೋಗುತ್ತಿದ್ದರು. ಕೊನೆಗೆ ಒಟ್ಟು 13 ಕೆ.ಜಿ. ಹೆಚ್ಚಿದ್ದಳು. ಪಟ್ಟಿಯ ಲೆಕ್ಕಕ್ಕಿಂತ ಒಂದೂವರೆ ಕೆ.ಜಿ. ಜಾಸ್ತಿಯೇ. ಆದರೆ ಮೊದಲ ಐದು ತಿಂಗಳಲ್ಲಿ 9 ಏರಿದವಳು ಮುಂದಿನ ನಾಲ್ಕು ತಿಂಗಳಲ್ಲಿ ಏರಿದ್ದು 4 ಮಾತ್ರ. ಅಲ್‌ಹಮ್ದುಲಿಲ್ಲಾಹ್, 3.1 ಕೆ.ಜಿ.ಯ ಹೆಣ್ಣುಮಗು ಆರೋಗ್ಯವಾಗಿ ಹುಟ್ಟಿತು. ಹೆರಿಗೆಯಾದ ಮೇಲೆ 6ರಿಂದ 12 ವಾರದೊಳಗೆ ಸಕ್ಕರೆಯನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಲು ಹೇಳಿದ್ದೆ, ಅದನ್ನೂ ಮಾಡಿಸಿದಳು.

ನೀವೂ ಗರ್ಭಿಣಿಯಾಗಿದ್ದು ಈಗ ಇದನ್ನು ಕಚೇರಿಯ ಕುರ್ಚಿಯಲ್ಲಿ ಕುಳಿತು ಓದುತ್ತಿದ್ದರೆ, ಪತ್ರಿಕೆ ಮಡಚಿಟ್ಟು ಒಮ್ಮೆ ಎದ್ದು ನಡೆದಾಡಿ ಬನ್ನಿ. ನಿಮ್ಮ ಮನೆಯಲ್ಲಿ ಅಂಥ ಸೊಸೆಯೋ ಮಗಳೋ ಇದ್ದರೆ ಈ ಸಂಜೆ ಅವಳ ಜೊತೆ ಹತ್ತು ನಿಮಿಷ ನಡೆಯಿರಿ.